ಹದಿನಾಲ್ಕನೇ ಅಧ್ಯಾಯ ಮೂರು ಸಲ

ಜನವರಿ 9

ಅಕ್ಕನಿಗೆ,

ನಿನ್ನ ‘ಗೂಡಿ’ನ ಬೀಗದ ಕೈ ನನ್ನ ಹತ್ತಿರ ಭದ್ರವಾಗಿದೆ. ಮೊದಲೇ ಹೇಳಿಬಿಟ್ಟೆ, ಏಕೆಂದರೆ ಲಕೋಟೆ ಒಡೆದ ತಕ್ಷಣ ನೀನು ಹುಡುಕುವುದು ಅದನ್ನೇ. ತಮ್ಮ ಹೇಗಿದ್ದಾನೆ ಅನ್ನುವುದು ಆಮೇಲಿನ ವಿಷಯ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ. ಪತ್ರವಾದರೆ ನಾನು ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ನೀನಿಲ್ಲದ ಮೊದಲ ಶನಿವಾರದ ಗೂಡಿನ ವರದಿ ಹೀಗಿದೆ. ಮಧ್ಯಾಹ್ನ ಮೂರಕ್ಕೆ ಟೈರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಾಗಿಲು ತೆಗೆದೆ. ದಿಂಬುಗಳನ್ನು ಕೊಡವಿದೆ. ಒಂಬತ್ತು ಜನ ಬಂದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಂದು ದೋಣಿ ಬರೆದು ತಂದಿದ್ದರು. ಗೋಡೆಯ ಮೇಲೆ ಆಗಲೇ ಅವರ ಹನ್ನೆರಡು ದೋಣಿಗಳಿವೆ, ನಾನು ಎಣಿಸಿದೆ. ಹದಿಮೂರನೆಯದಕ್ಕೂ ಅವಕ್ಕೂ ಇರುವ ವ್ಯತ್ಯಾಸ ಮೊಳೆ ಮಾತ್ರ. ಆಮೇಲೆ ಹಲ್ಲಿನ ಡಾಕ್ಟರು ಒಂದು ಕವಿತೆ ಓದಿದರು. ಮತ್ತಿನ ಸೂಜಿ ಕೊಡದೆ ಅವರು ಇಂಥದ್ದಕ್ಕೆ ಕೈ ಹಾಕಬಾರದು.

ಪ್ರತಿಯೊಂದಕ್ಕೂ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜನ್ನು ಮೂರು ಸಲ ಬಡಿದರು. ‘ಮನಸ್ಸಿಗೆ ತಟ್ಟಿತು’ ಎಂದರು. ನೀನು ರಟ್ಟಿನ ಮೇಲೆ ಬರೆದು ತೂಗುಹಾಕಿರುವ ನಿಯಮವನ್ನು ಆಗ ನೋಡಿದೆ: ‘ಇಲ್ಲಿ ಯಾರೂ ಯಾರ ತಪ್ಪನ್ನೂ ಹುಡುಕುವುದಿಲ್ಲ.’ ಹುಡುಕುವ ಅಗತ್ಯವಾದರೂ ಏನಿದೆ ಅಕ್ಕ, ಅವು ತಾವಾಗಿಯೇ ಎದ್ದು ಬಂದು ಕೈ ಕುಲುಕುತ್ತವೆ.

ಕೊನೆಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಆ ಹೆಂಗಸು ತನ್ನ ಕಾದಂಬರಿಯ ಮೂವತ್ತೊಂಬತ್ತನೇ ಅಧ್ಯಾಯ ಓದಿದರು. ಕೌಂಟರಮ್ಮ ಅನ್ನುತ್ತಾರಲ್ಲ, ಅವರು. ಬಡಿಯುವ ಹೊತ್ತಿಗೆ ನಾನೂ ಬಡಿದೆ. ಬೀಗ ಹಾಕುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದರು, ‘ಅಣ್ಣಾ, ನೀವು ಕೇಳಿಸ್ಕೊಂಡ್ರಾ?’

‘ಇಲ್ಲಮ್ಮ, ಟೀ ಲೋಟ ಸಾಲ್ತವೋ ಇಲ್ವೋ ಅಂತ ನೋಡ್ತಾ ಇದ್ದೆ’ ಅಂದೆ.

‘ಹಾಗೆ ಹೇಳಿದ ಮೊದಲ್ನೇ ಮನುಷ್ಯ ನೀವು’ ಎಂದು ನಕ್ಕು ಇಳಿದು ಹೋದರು. ವಿಚಿತ್ರ ಹೆಂಗಸು.

ನಿನ್ನ ತಮ್ಮ


ಜನವರಿ 25

ತಮ್ಮಾ,

ನಿನ್ನ ಪತ್ರ ಓದಿದೆ. ಮೂವತ್ತು ವರ್ಷ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಅಂಟು ಬಳಿದವನ ಬಾಯಲ್ಲಿ ಕಲೆಯ ವಿಮರ್ಶೆ ಕೇಳುವ ಭಾಗ್ಯ ಎಷ್ಟು ಅಕ್ಕಂದಿರಿಗೆ ಸಿಗುತ್ತದೆ?

ಆ ಕೋಣೆಯನ್ನು ನಾನು ಕಟ್ಟಿದ್ದು ನಿನ್ನಂಥವರಿಂದ ತಪ್ಪಿಸಿಕೊಂಡವರಿಗಾಗಿ. ಹೊರಗೆ ಎಲ್ಲ ಕಡೆ ಮೂಗು ಮುರಿಯುವವರೇ ಇದ್ದಾರೆ. ವಾರಕ್ಕೆ ಎರಡು ಗಂಟೆ ಯಾರೂ ಮುರಿಯದ ಜಾಗ ಒಂದಿರಲಿ. ಅದು ನಿನಗೆ ಅರ್ಥವಾಗದಿದ್ದರೂ ಇಲ್ಲಿಯವರಿಗೆ ಆಗಿದೆ. ಇಂಥದ್ದೇ ಕೋಣೆ ಇಲ್ಲೂ ತೆರೆಯಿರಿ ಎಂದು ಈ ಊರಿನ ಗ್ರಂಥಾಲಯದವರು ಆರು ತಿಂಗಳ ಮಟ್ಟಿಗೆ ನನ್ನನ್ನು ಕರೆಸಿಕೊಂಡಿರುವುದು ಸುಮ್ಮನೆ ಅಲ್ಲ. ಕೆಲಸ ಭರದಿಂದ ಸಾಗಿದೆ. ಜನ ಕೂರಲು ಜಾಗವಿಲ್ಲ.

ಈಗ ಮುಖ್ಯ ವಿಷಯ. ಮೇ 24ಕ್ಕೆ ಗೂಡಿಗೆ ಹತ್ತು ವರ್ಷ. ಅಂದು ಕೌಂಟರಮ್ಮನ ಕಾದಂಬರಿಯನ್ನು ಒಂದೇ ಒಂದು ಪ್ರತಿಯಾಗಿ, ಚೆನ್ನಾಗಿ ಬೈಂಡ್ ಮಾಡಿ, ಎಲ್ಲರೆದುರು ಅವರ ಕೈಗಿಡಬೇಕು. ಆ ಕೆಲಸ ನಿನ್ನದು. ಅವರಿಗೆ ಬೇರೆ ಊರಿನ ಡಿಪೋಗೆ ಹೋಗುವ ಅವಕಾಶ ಬಂದಿದೆಯಂತೆ, ಮೇ ಕೊನೆಯೊಳಗೆ ಅರ್ಜಿಗೆ ಸಹಿ ಹಾಕಬೇಕಂತೆ. ಹತ್ತು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸದವರು ಅವರೊಬ್ಬರೇ. ಅವರು ಎದ್ದು ಹೋದರೆ ಒಬ್ಬೊಬ್ಬರಾಗಿ ಎಲ್ಲರೂ ಜಾರಿಕೊಳ್ಳುತ್ತಾರೆ, ನನಗೆ ಗೊತ್ತು. ಆ ಪುಸ್ತಕ ಅವರನ್ನು ಹಿಡಿದು ನಿಲ್ಲಿಸಬೇಕು.

ನೀನು ಓದಬೇಡ. ಕಟ್ಟು, ಸಾಕು.

ಅಕ್ಕ


ಮಾರ್ಚ್ 2

ಅಕ್ಕನಿಗೆ,

ಓದಬೇಡ ಅಂದೆಯಲ್ಲ, ನಿಶ್ಚಿಂತೆಯಿಂದಿರು. ಬೈಂಡರ್ ಓದಲು ಶುರು ಮಾಡಿದರೆ ಪ್ರೆಸ್ ಮುಚ್ಚಬೇಕಾಗುತ್ತದೆ. ನಾವು ನೋಡುವುದು ಮೂಲೆಯ ಸಂಖ್ಯೆ, ಅಂಚು, ಹಾಳೆಯ ಎಳೆ ಯಾವ ಕಡೆ ಓಡುತ್ತದೆ ಎನ್ನುವುದು, ಇಷ್ಟೇ. ಜೀವನದಲ್ಲಿ ಒಂದಿಪ್ಪತ್ತು ಸಾವಿರ ಪುಸ್ತಕ ಹೊಲಿದಿರಬಹುದು. ಒಂದರ ಕಥೆಯೂ ಗೊತ್ತಿಲ್ಲ. ಆರೋಗ್ಯ ಚೆನ್ನಾಗಿದೆ.

ಕೌಂಟರಮ್ಮ ಎರಡು ಬಟ್ಟೆ ಚೀಲದಲ್ಲಿ ಕಾದಂಬರಿ ತಂದುಕೊಟ್ಟರು. ಹೆಂಗಸು ಅಚ್ಚುಕಟ್ಟು. ದೊಡ್ಡ ಹಾಳೆಗಳನ್ನು ಮಧ್ಯಕ್ಕೆ ಮಡಿಸಿ, ಒಂದರೊಳಗೊಂದು ಸೇರಿಸಿ, ಒಂದು ಅಧ್ಯಾಯಕ್ಕೆ ಒಂದು ಕಟ್ಟಿನಂತೆ ಬರೆದಿದ್ದಾರೆ. ನೇರವಾಗಿ ಸೂಜಿ ಹಾಕಬಹುದು. ಪ್ರತಿ ಕಟ್ಟಿನ ಮೂಲೆಯಲ್ಲಿ ಅಧ್ಯಾಯದ ಸಂಖ್ಯೆ, ಅದರ ಕೆಳಗೆ ಗೂಡಿನಲ್ಲಿ ಓದಿದ ತಾರೀಖು.

ಒಟ್ಟು ನಲವತ್ತೊಂದು ಅಧ್ಯಾಯ. ಕಟ್ಟು ಮಾತ್ರ ನಲವತ್ಮೂರು. ಹದಿನಾಲ್ಕನೇ ಅಧ್ಯಾಯ ಮೂರಿವೆ! ಒಂದರಲ್ಲಿ ನಾಲ್ಕು ವರ್ಷದ ಹಿಂದಿನ ತಾರೀಖು, ಇನ್ನೊಂದರಲ್ಲಿ ಎರಡು ವರ್ಷದ ಹಿಂದಿನದು, ಮತ್ತೊಂದು ಕಳೆದ ಸೆಪ್ಟೆಂಬರಿನದು. ಅಂದರೆ ಈಯಮ್ಮ ಒಂದೇ ಅಧ್ಯಾಯವನ್ನು ಮೂರು ಸಲ ಓದಿದ್ದಾರೆ, ನೀವೆಲ್ಲ ಮೂರು ಸಲವೂ ಮೇಜು ಬಡಿದಿದ್ದೀರಿ. ಮನೆ ಪಾಠಕ್ಕೆ ಬರುವ ಮಕ್ಕಳಾದರೂ ‘ಮಿಸ್, ಇದು ಆಯ್ತು’ ಅನ್ನುತ್ತಾರೆ.

ಯಾವುದನ್ನು ತೆಗೆಯಲಿ ಎಂದು ಕೇಳಲು ಬಸ್ ನಿಲ್ದಾಣಕ್ಕೆ ಹೋದೆ. ಸಾಲಿನಲ್ಲಿ ನಿಂತೆ, ಏಕೆಂದರೆ ಪಕ್ಕದಿಂದ ಹೋದರೆ ಅವರು ತಲೆ ಎತ್ತುವುದಿಲ್ಲ.

‘ಎಲ್ಲಿಗೆ?’

‘ಎಲ್ಲಿಗೂ ಇಲ್ಲ. ಹದಿನಾಲ್ಕು ಮೂರು ಬಂದಿವೆ. ಯಾವುದು ಇಟ್ಕೊಳ್ಲಿ?’

‘ಮೂರೂ ಇರ್ಲಿ’ ಅಂದರು. ಎರಡನೇ ಸಲ ಕೇಳುವುದರೊಳಗೆ ನನ್ನ ಹಿಂದಿನವನಿಗೆ ಟಿಕೆಟ್ ಹರಿಯುತ್ತಿದ್ದರು.

ತಾನು ಬರೆದದ್ದು ತನಗೇ ನೆನಪಿಲ್ಲದ ಲೇಖಕಿ, ಕೇಳಿದ್ದು ನೆನಪಿಲ್ಲದ ಶ್ರೋತೃಗಳು. ಹತ್ತು ವರ್ಷ ಏನು ಕಡೆದಿರಿ ಅಕ್ಕ?

ತಮ್ಮ


ಮಾರ್ಚ್ 14

ತಮ್ಮಾ,

ಎರಡನ್ನು ತೆಗೆದುಬಿಡು. ಅವರನ್ನು ಮತ್ತೆ ಕೇಳಬೇಡ, ಬೇರೆ ಯಾರಿಗೂ ಹೇಳಬೇಡ. ಪ್ರತಿ ತೆಗೆಯುವಾಗ ಏನೋ ಗೊಂದಲ ಆಗಿರುತ್ತದೆ. ಹಬೆಯಾಡುವ ಪಾತ್ರೆಯ ಮುಚ್ಚಳ ಎತ್ತಿ ಎತ್ತಿ ನೋಡುವ ನಿನ್ನ ಚಟ ಚಿಕ್ಕಂದಿನಿಂದಲೂ ಇದೆ.

ಅಧ್ಯಾಯ ಹದಿನಾಲ್ಕು ನನಗೆ ಚೆನ್ನಾಗಿ ನೆನಪಿದೆ. ಆ ತಾಯಿ ಆಸ್ಪತ್ರೆಯಲ್ಲಿ ತೀರಿಕೊಳ್ಳುವುದು. ಕಿಟಕಿಯ ಹತ್ತಿರದ ಹಾಸಿಗೆ. ನಾನು ಅತ್ತುಬಿಟ್ಟಿದ್ದೆ. ಮತ್ತೆ ಓದಿದ್ದರೆ ಮತ್ತೆ ಕೇಳುವಷ್ಟು ಚೆನ್ನಾಗಿತ್ತು, ಅದಕ್ಕೇ ಯಾರೂ ಏನೂ ಅನ್ನಲಿಲ್ಲ. ಒಳ್ಳೆಯದನ್ನು ಎರಡು ಸಲ ಕೇಳಬಾರದೆಂದು ಕಾನೂನು ಇದೆಯೆ?

ಇಲ್ಲಿ ತುಂಬ ಕೆಲಸ. ರಟ್ಟಿನ ಬಣ್ಣ ಕಡು ನೀಲಿ ಇರಲಿ.

ಅಕ್ಕ


ಮಾರ್ಚ್ 22

ಅಕ್ಕನಿಗೆ,

ಹದಿನಾಲ್ಕನೇ ಅಧ್ಯಾಯದಲ್ಲಿ ಯಾರೂ ಸಾಯುವುದಿಲ್ಲ. ಆಸ್ಪತ್ರೆ ಇಲ್ಲ, ಹಾಸಿಗೆ ಇಲ್ಲ, ತಾಯಿಯಂತೂ ಮೊದಲೇ ಇಲ್ಲ.

ಹೌದು, ಓದಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ನಿನ್ನ ಕಣ್ಣೀರಿನ ಮೇಲೆ ನನಗಿರುವ ಅನುಮಾನ ನನ್ನ ಕೈಗೆ ಕನ್ನಡಕ ಕೊಟ್ಟಿತು.

ಅದು ನಿನ್ನ ಗೂಡಿನ ಕಥೆ. ಒಂದು ಕೋಣೆ, ದಿಂಬುಗಳು, ಮೇಜು ಬಡಿಯುವ ಜನ. ನಾಲ್ಕು ವರ್ಷದ ಹಿಂದಿನ ಪ್ರತಿಯಲ್ಲಿ ಎಲ್ಲರಿಗೂ ವೇಷ ಹಾಕಿದ್ದಾರೆ: ಮೇಷ್ಟ್ರು ದೋಣಿಯ ಬದಲು ಹೂವು ಬರೆಯುತ್ತಾರೆ, ಡಾಕ್ಟರು ವಕೀಲರಾಗಿದ್ದಾರೆ. ಎರಡನೇ ಪ್ರತಿಯಲ್ಲಿ ಅರ್ಧ ವೇಷ ಕಳಚಿದೆ. ಕಳೆದ ಸೆಪ್ಟೆಂಬರಿನದರಲ್ಲಿ ಉಟ್ಟ ಬಟ್ಟೆಯ ಸಮೇತ ನೀವೇ ಕೂತಿದ್ದೀರಿ. ಒಂದೆರಡು ಸಾಲು ಬರೆದು ಕಳಿಸುತ್ತೇನೆ, ಕೂತು ಓದು:

‘ಮೇಷ್ಟ್ರು ಒಂಬತ್ತು ವರ್ಷದಿಂದ ಒಂದೇ ದೋಣಿ ಬರೆಯುತ್ತಿದ್ದಾರೆ. ಅದರಲ್ಲಿ ಹತ್ತಿದವರು ಇನ್ನೂ ದಡ ಸೇರಿಲ್ಲ. ಕೋಣೆಯ ಯಜಮಾನಿ ಕಣ್ಣು ಮುಚ್ಚಿ ಕೇಳುತ್ತಾಳೆ. ಆಕೆ ಕೇಳುತ್ತಿದ್ದಾಳೋ ಮುಂದಿನ ವಾರದ ಬಿಸ್ಕತ್ತಿನ ಯೋಚನೆಯಲ್ಲಿದ್ದಾಳೋ ಎಂದು ವಿಚಾರಿಸುವ ಧೈರ್ಯ ಆಕೆ ಹಾಕಿದ ಕುರ್ಚಿಯಲ್ಲಿ ಕೂತವರಿಗೆ ಇರುವುದಿಲ್ಲ. ಆಕೆಗೆ ಬೇಕಾದದ್ದು ಕಥೆಯಲ್ಲ. ಇಷ್ಟು ಜನ ತನ್ನ ಕೋಣೆಯಲ್ಲಿ ಕಥೆ ಓದಿದರು ಎನ್ನುವ ಲೆಕ್ಕ.’

ಇದನ್ನು ನಿನ್ನ ಮುಖದ ಮುಂದೆ ಕೂತು ಓದಿದ್ದಾರೆ, ಅಕ್ಕ! ಕಪಾಟಿನಿಂದ ಗೂಡಿನ ರಿಜಿಸ್ಟರ್ ತೆಗೆದು ಮೂರೂ ತಾರೀಖು ನೋಡಿದೆ. ಮೂರಕ್ಕೂ ನಿನ್ನ ಕೈಬರಹದಲ್ಲಿ ಒಂದೇ ಷರಾ: ‘ಮನಸ್ಸಿಗೆ ತಟ್ಟಿತು. ಪಾತ್ರಗಳು ಕಣ್ಣ ಮುಂದೆ ಬಂದವು.’ ಬಂದವು ನಿಜ. ಬಂದದ್ದಲ್ಲ, ಕೂತೇ ಇದ್ದವು. ನಾನು ಎಷ್ಟು ನಕ್ಕೆನೆಂದರೆ ಕೆಳಗಿನ ಟೈರ್ ಅಂಗಡಿಯವನು ಮೇಲೆ ಬಂದು ನೋಡಿಹೋದ.

ಮತ್ತೆ ಕೌಂಟರಿಗೆ ಹೋದೆ. ಅವರ ಊಟದ ಬಿಡುವಿನಲ್ಲಿ ಹೊರಗಿನ ಬೆಂಚಿನ ಮೇಲೆ ಕೂತು ಮಾತಾಡಿದೆವು.

‘ಓದ್ಬಿಟ್ರಾ?’ ಅಂದರು ನನ್ನ ಮುಖ ನೋಡಿಯೇ.

‘ಓದ್ದೆ. ಬೇಕಂತ್ಲೇ ಮಾಡಿದ್ದಾ?’

‘ಮೊದಲ್ನೇ ಸಲ ಜಗಳ ಆಗತ್ತೆ ಅಂತ ಹೆದರ್ಕೊಂಡೇ ಓದ್ದೆ. ಟಕ್ ಟಕ್ ಟಕ್ ಅಂದ್ರು. ಗೊತ್ತಾಗ್ಲಿಲ್ವೇನೋ ಅಂತ ಇನ್ನೊಂದ್ಸಲ ಬಿಡಿಸಿ ಬರ್ದೆ. ಟಕ್ ಟಕ್ ಟಕ್. ಮೂರನೇ ಸಲ ಒಬ್ಬೊಬ್ಬರ ಮುಖ ನೋಡ್ಕೊಂಡು ಓದಿದೀನಿ ಅಣ್ಣ. ಡಾಕ್ಟ್ರು ಎದ್ದು ಬಂದು ಶಹಬ್ಬಾಸ್ ಅಂದ್ರು.’

‘ಮತ್ತೆ ಯಾಕೆ ಇನ್ನೂ ಬರ್ತೀರಿ?’

ಊಟದ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿದರು. ‘ಒಬ್ಬರಾದ್ರೂ ಸಿಟ್ಟಾಗ್ಲಿ ಅಂತ. ಸಿಟ್ಟಾದ್ರೆ ಕೇಳಿಸ್ಕೊಂಡ್ರು ಅಂತ ತಾನೆ? ಮೇ ಇಪ್ಪತ್ನಾಕನೇ ತಾರೀಕು ನಾಕನೇ ಸಲ ಓದ್ತೀನಿ. ಆಗ್ಲೂ ಬಡಿದ್ರೆ, ಅರ್ಜಿಗೆ ಸೈನ್ ಮಾಡಿ ಹೊರಟ್ಹೋಗ್ತೀನಿ. ಬರೆಯೋದೂ ಮುಗೀತು ಅಲ್ಲಿಗೆ.’

ಇದು ವಿಷಯ. ಅವರನ್ನು ಹಿಡಿದು ನಿಲ್ಲಿಸಲು ನೀನು ಕಟ್ಟಿಸುತ್ತಿರುವ ಪುಸ್ತಕದ ಒಳಗಿರುವುದು ಇದು. ಕಡು ನೀಲಿ ರಟ್ಟು ತಂದಿದ್ದೇನೆ.

ತಮ್ಮ


ಏಪ್ರಿಲ್ 27

ತಮ್ಮಾ,

ಒಂದು ತಿಂಗಳು ಪತ್ರ ಬರೆಯದಿದ್ದುದಕ್ಕೆ ಕೆಲಸ ಕಾರಣ, ಬೇರೇನೂ ಕಲ್ಪಿಸಿಕೊಳ್ಳಬೇಡ.

ಆ ಅಧ್ಯಾಯದ ವಿಷಯ ನನಗೆ ಮೊದಲಿನಿಂದಲೂ ಗೊತ್ತಿತ್ತು. ಮೊದಲ ಸಲವೇ ಗೊತ್ತಾಗಿತ್ತು. ನಿಯಮ ಮಾಡಿದವಳು ನಾನು, ನಾನೇ ಮುರಿದರೆ ಹೇಗೆಂದು ಸುಮ್ಮನಿದ್ದೆ. ಅದನ್ನು ದೊಡ್ಡತನ ಅನ್ನುತ್ತಾರೆ, ನಿನಗೆ ಪರಿಚಯವಿರಲಾರದು.

ಸೆಪ್ಟೆಂಬರಿನ ಪ್ರತಿಯನ್ನು ನನಗೆ ಕಳಿಸು. ಪೂರ್ತಿ.

ಅಕ್ಕ


ಮೇ 3

ಅಕ್ಕನಿಗೆ,

ಕಳಿಸಿದ್ದೇನೆ. ಮೊದಲಿನಿಂದಲೂ ಗೊತ್ತಿದ್ದವಳಿಗೆ ಪೂರ್ತಿ ಪ್ರತಿ ಏಕೆ ಬೇಕು ಎಂದು ನಾನು ಕೇಳುವುದಿಲ್ಲ. ಸತ್ತ ತಾಯಿ ಯಾವ ಪುಟದಲ್ಲಿ ಸಿಕ್ಕಳು ಎಂದು ತಿಳಿಸಿದರೆ ಸಾಕು.

ಬಾಕಿ ಎಲ್ಲ ಹೊಲಿದು ಒತ್ತುಯಂತ್ರದಲ್ಲಿಟ್ಟಿದ್ದೇನೆ, ಬೆನ್ನಿಗೆ ಅಂಟು ಇನ್ನೂ ಹಾಕಿಲ್ಲ. ಹದಿನಾಲ್ಕರ ಜಾಗದಲ್ಲಿ ಮೊದಲೆರಡು ಪ್ರತಿಗಳಿವೆ. ಮೂರನೆಯದನ್ನು ಬೇಗ ವಾಪಸು ಕಳಿಸಿದರೆ ಸೇರಿಸುತ್ತೇನೆ. ಮೇಷ್ಟ್ರು ಸಮಾರಂಭಕ್ಕೆಂದು ದೊಡ್ಡ ಚಿತ್ರ ಬರೆಯುತ್ತಿದ್ದಾರೆ. ಏನೆಂದು ಊಹಿಸು.

ತಮ್ಮ


ಮೇ 15

ತಮ್ಮಾ,

ಓದಿದೆ. ನಾಲ್ಕು ಸಲ ಓದಿದೆ. ಮೈ ಉರಿದುಹೋಯಿತು.

ನನಗೆ ಗೊತ್ತಿರಲಿಲ್ಲ. ಸಾಕೆ? ಹಲ್ಲು ಕಿರಿಯುವುದು ಮುಗಿದ ಮೇಲೆ ಮುಂದೆ ಓದು.

ಎರಡನೇ ಪುಟದಲ್ಲಿ ‘ಮುಚ್ಚಿದ ಕೌಂಟರಿನಂಥ ಮುಖ’ ಅಂದಿದ್ದಾರೆ. ಏಳನೇ ಪುಟದಲ್ಲಿ ಇನ್ನೊಬ್ಬರಿಗೂ ಅದೇ ಮುಖ. ಇವರಿಗೆ ಗೊತ್ತಿರುವುದು ಒಂದೇ ಹೋಲಿಕೆಯೆ? ಐದನೇ ಪುಟದಲ್ಲಿ ಡಾಕ್ಟರು ಜೀವನದ ಬಗ್ಗೆ ಅರ್ಧ ಪುಟ ಮಾತಾಡುತ್ತಾರೆ. ಆ ಮನುಷ್ಯ ಕವಿತೆ ಓದುವುದು ಬಿಟ್ಟರೆ ಹತ್ತು ವರ್ಷದಲ್ಲಿ ಒಟ್ಟಿಗೆ ಆರು ಪದ ಆಡಿದ್ದನ್ನು ನಾನು ಕೇಳಿಲ್ಲ. ಅವು ಲೇಖಕಿಯ ಮಾತು, ಬೇರೆಯವರ ಬಾಯಿಗೆ ತುರುಕಿದ್ದು. ಆರನೇ ಪುಟದಲ್ಲಿ ನಾನು ಎಲ್ಲರಿಗೂ ಕಾಣಲಿ ಎಂದೇ ಕೈ ನಡುಗಿಸುತ್ತ ಟೀ ಬಗ್ಗಿಸುತ್ತೇನಂತೆ. ಕೆಟಲಿನ ಹಿಡಿ ಮುರಿದು ಆರು ವರ್ಷವಾಯಿತು! ಆರು ವರ್ಷ ಅದೇ ಟೀ ಕುಡಿದವರಿಗೆ ಅದು ಕಾಣಲಿಲ್ಲ.

ಒಂಬತ್ತನೇ ಪುಟದ ಸಾಲುಗಳು, ನೀನು ಖುಷಿಯಿಂದ ಬರೆದು ಕಳಿಸಿದ್ದು, ಚೆನ್ನಾಗಿವೆ. ನಿಜವೂ ಹೌದು. ಅದನ್ನು ಹೇಳುವುದಕ್ಕೆ ನನಗೆ ಹದಿನೈದು ನಿಮಿಷ ಬೇಕಾಯಿತು.

ಆದರೆ ಕೊನೆಯ ಪುಟ ಶುದ್ಧ ಸುಳ್ಳು. ಅಲ್ಲಿ ಆ ಹೆಂಗಸು ಮೂಲೆಯಲ್ಲಿ ಒಬ್ಬಳೇ ಕೂತು, ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ನೊಂದುಕೊಳ್ಳುತ್ತಾಳೆ. ಅವಳು ಯಾರದ್ದನ್ನು ಕೇಳಿದಳು? ಮೇಷ್ಟ್ರ ಪ್ರತಿ ದೋಣಿಗೂ ಅವಳೂ ಬಡಿದಿದ್ದಾಳೆ. ಇನ್ನೂ ಏಕೆ ದೋಣಿ ಎಂದು ಒಂದು ದಿನ ಕೇಳಿದ್ದಳೆ? ನನ್ನ ಕೋಣೆಯ ಕಿವುಡರಲ್ಲಿ ಅವಳೂ ಒಬ್ಬಳು. ಅಷ್ಟು ಬರೆಯುವ ಎದೆಗಾರಿಕೆ ಇಲ್ಲದಿದ್ದರೆ ಉಳಿದದ್ದನ್ನು ಬರೆಯಬಾರದಿತ್ತು.

ಇನ್ನು ನೀನು. ನೀನು ಎಗರಾಡಬೇಡ. ನಲವತ್ತೊಂದು ಅಧ್ಯಾಯ ನಿನ್ನ ಮೇಜಿನ ಮೇಲಿದ್ದವು, ಓದಿದ್ದು ಒಂದು. ಅದೂ ನನ್ನನ್ನು ಚುಚ್ಚಲು ಸೂಜಿ ಬೇಕಿತ್ತೆಂದು. ಅವರಿಗೆ ಬೇಕಿದ್ದ ಓದುಗ ನೀನೂ ಅಲ್ಲ.

ಸಮಾರಂಭಕ್ಕೆ ನಾನು ಬರುವುದಿಲ್ಲ. ಇಲ್ಲಿಯ ಕೋಣೆಗೆ ಬರುತ್ತಿರುವುದು ಒಬ್ಬರೇ, ಅವರೂ ಫ್ಯಾನಿನ ಕೆಳಗೆ ಪೇಪರ್ ಓದಲು. ಅವರಿಗೆ ಹೇಳದೆ ಬಾಗಿಲು ಹಾಕಿ ಬರಲು ಆಗುವುದಿಲ್ಲ. ಸಮಾರಂಭ ಮುಗಿದ ಮೇಲೆ ಬಾಕಿ ನಲವತ್ತು ಅಧ್ಯಾಯಗಳನ್ನು ನನಗೆ ಕಳಿಸು. ಹದಿನಾಲ್ಕನ್ನು ಇದರ ಜೊತೆ ಇಟ್ಟಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ, ಅಳಿಸಿ ಕಟ್ಟು.

ಅಕ್ಕ


ಮೇ 30

ಅಕ್ಕನಿಗೆ,

ಅಳಿಸಲಿಲ್ಲ. ನಿನ್ನ ಪತ್ರವನ್ನು ನಿನ್ನ ಅಪ್ಪಣೆ ಇಲ್ಲದೆ ಕೌಂಟರಮ್ಮನಿಗೆ ಕೊಟ್ಟೆ, ನನ್ನನ್ನು ಬೈದ ಭಾಗವೂ ಸೇರಿದಂತೆ. ನೀನು ಬೈಯುವ ಮೊದಲೇ ಹೇಳಿದ್ದೇನೆ.

ಸಾಲಿನಲ್ಲಿ ನಿಂತು ಕಿಂಡಿಯೊಳಗೆ ತೂರಿಸಿದೆ. ಅವರು ಅಲ್ಲೇ ಬಿಡಿಸಿದರು. ನನ್ನ ಹಿಂದೆ ಏಳು ಜನ ಇದ್ದರು. ‘ಏನಮ್ಮ, ಬಸ್ ಹೋಗತ್ತೆ!’ ಎಂದು ಯಾರೋ ಕೂಗಿದರು. ಅವರು ಕಿಂಡಿಗೆ ಅಡ್ಡ ಹಲಗೆ ಎಳೆದುಕೊಂಡು ಓದಿದರು. ಹಲಗೆ ಸರಿದಾಗ ಮುಖ ಕೆಂಪಗಿತ್ತು.

‘ಕೆಟಲ್ ಹಿಡಿ ಮುರ್ದಿದೆಯಾ?’ ಅಂದರು.

ಇಪ್ಪತ್ನಾಲ್ಕರ ಸಮಾರಂಭದ ವರದಿ. ಹದಿನೆಂಟು ಜನ ಸೇರಿದ್ದರು. ದೋಣಿ ಗೋಡೆಯಷ್ಟು ದೊಡ್ಡದಿತ್ತು. ಕೌಂಟರಮ್ಮ ಎದ್ದು ನಿಂತಾಗ ಎಲ್ಲರೂ ಕಣ್ಣು ಮುಚ್ಚಿಕೊಂಡು ಕೇಳಲು ಸಿದ್ಧರಾದರು. ಅವರು ಓದಿದ್ದು ಹದಿನಾಲ್ಕನೇ ಅಧ್ಯಾಯವನ್ನಲ್ಲ, ನಿನ್ನ ಪತ್ರವನ್ನು. ‘ಮೈ ಉರಿದುಹೋಯಿತು’ ಎಂಬಲ್ಲಿಂದ ‘ನನ್ನ ಕೋಣೆಯ ಕಿವುಡರಲ್ಲಿ ಅವಳೂ ಒಬ್ಬಳು’ ಎಂಬಲ್ಲಿಯ ತನಕ, ಒಂದಕ್ಷರ ಬಿಡದೆ, ನೀನು ಬರೆದದ್ದೆಂದು ಮೊದಲೇ ಹೇಳಿ.

ಮುಗಿಯಿತು. ಟಕ್ ಟಕ್ ಟಕ್.

‘ಮನಸ್ಸಿಗೆ ತಟ್ಟಿತು’ ಅಂದರು ಹಲ್ಲಿನ ಡಾಕ್ಟರು. ಮೇಷ್ಟ್ರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ನಿನ್ನ ಶೈಲಿ ಬಹಳ ಸುಧಾರಿಸಿದೆ ಎಂದು ನಿನಗೆ ತಿಳಿಸಲು ಹೇಳಿದ್ದಾರೆ. ತಿಳಿಸಿದ್ದೇನೆ.

ಕೌಂಟರಮ್ಮ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಜನ ಅದಕ್ಕೂ ಬಡಿದರು. ಆಮೇಲೆ ಅವರು ಸೀದಾ ಮೇಷ್ಟ್ರ ಪಕ್ಕ ಹೋಗಿ ಕೂತು, ‘ಯಾಕೆ ಮೇಷ್ಟ್ರೇ, ಬರೀ ದೋಣಿ?’ ಅಂದರು. ಅವರಿಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ, ನಾನು ಲೋಟ ತೊಳೆಯುತ್ತಿದ್ದೆ. ಮುಗಿಸಿ ಬಂದಾಗ ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪುಸ್ತಕವನ್ನು ಅವರು ತೆಗೆದುಕೊಳ್ಳಲಿಲ್ಲ. ‘ಕಟ್ಟಿದ್ದು ಚೆನ್ನಾಗಿದೆ ಅಣ್ಣ, ಆದ್ರೆ ಬಿಚ್ಬೇಕು. ಕೊನೇ ಪುಟ ಸುಳ್ಳು ಅಂದಿದಾರಲ್ಲ, ಸುಳ್ಳೇ. ಇನ್ನೂ ಎಲ್ಲೆಲ್ಲಿ ಸುಳ್ಳು ಹೇಳಿದೀನೋ ನೋಡ್ಬೇಕು.’ ಅರ್ಜಿಗೆ ಇನ್ನೂ ಸಹಿ ಮಾಡಿಲ್ಲ, ಕೊನೆಯ ದಿನ ನಾಳೆ. ‘ನಿಮ್ಮಕ್ಕ ಬಾಕಿ ನಲವತ್ತಕ್ಕೆ ಏನಂತಾರೆ ಅಂತ ಕೇಳ್ದೆ ಎಲ್ಲಿಗ್ರೀ ಹೋಗೋದು?’ ಅಂದರು.

ಒಂದು ವಾರ ಕೂತು ಹೊಲಿದದ್ದನ್ನು ಒಂದು ಬೆಳಿಗ್ಗೆ ಕೂತು ಬಿಚ್ಚಿದೆ. ಕಡು ನೀಲಿ ರಟ್ಟು ಹಾಳಾಯಿತು. ನಾನು ಕಟ್ಟಿದ್ದನ್ನು ನಾನೇ ಬಿಚ್ಚಿದ್ದು ನನ್ನ ಕಸುಬಿನಲ್ಲಿ ಇಲ್ಲ. ಈ ಅವಮಾನವನ್ನು ನಿಮ್ಮಿಬ್ಬರ ಹೆಸರಿನಲ್ಲೂ ಬರೆದಿಟ್ಟುಕೊಂಡಿದ್ದೇನೆ.

ಮೊದಲನೇ ಅಧ್ಯಾಯ ಮಾತ್ರ ಈ ಪತ್ರದ ಜೊತೆ ಇದೆ. ಮೂರು ಕಳಿಸಬೇಕೆಂದಿದ್ದೆ, ತಡವಾಗುತ್ತದೆ. ನಾನೂ ಓದಿಯೇ ಕಳಿಸುತ್ತಿದ್ದೇನೆ, ನಿಧಾನ ಓದುವವನು, ಅಭ್ಯಾಸವಿಲ್ಲ. ಎರಡನೆಯದು ನಿನ್ನೆ ಮುಗಿಯಿತು. ಮಧ್ಯೆ ಸಪ್ಪೆ, ಎಳೆದಾಟ ಜಾಸ್ತಿ. ಅಷ್ಟನ್ನು ನಿನಗೆ ಬರೆದು ಸುಮ್ಮನಾಗಬಹುದಿತ್ತು. ಆದರೆ ‘ಅವರಿಗೆ ಬೇಕಿದ್ದ ಓದುಗ ನೀನೂ ಅಲ್ಲ’ ಎಂದು ನೀನು ಬರೆದದ್ದನ್ನು ಅವರೂ ಓದಿದ್ದಾರೆ. ಹಾಗಾಗಿ ಇವತ್ತು ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಂತೆ.

‘ಎಲ್ಲಿಗೆ?’

‘ಎರಡನೇ ಅಧ್ಯಾಯ ಸಪ್ಪೆ ಇದೆ’ ಅಂದೆ.

ಗಾಜಿನ ಹಿಂದಿನಿಂದ ನನ್ನನ್ನು ನೋಡಿದರು. ಹಿಂದಿನವನು ಮೊಣಕೈಯಿಂದ ತಿವಿದ. ಅವರು ಟಿಕೆಟ್ ಪುಸ್ತಕ ಪಕ್ಕಕ್ಕಿಟ್ಟು, ಪೆನ್ನು ತೆಗೆದುಕೊಂಡು, ‘ಯಾವ ಪುಟ?’ ಅಂದರು.

ತಮ್ಮ